ತಾಸೆ ಪೆಟ್ಟು ಕತ್ತರಿಸಲು ಯಾವ ಸಾಫ್ಟ್‌ವೇರ್ ಬೇಕು?

ಕಳೆದ ಅಷ್ಟಮಿಯ ಮರುದಿನ, ವಿಟ್ಲಪಿಂಡಿಗೆ, ಉಡುಪಿ ರಥಬೀದಿಯಲ್ಲಿ ಸಣ್ಣ ರೆಕಾರ್ಡರ್ ಹಿಡಿದುಕೊಂಡು ನಿಂತಿದ್ದೆ. ಹುಲಿವೇಷದ ತಂಡಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ತಾಸೆ ಎಂಬ ಚರ್ಮವಾದ್ಯ, ಡೋಲು, ನಡುನಡುವೆ ಶಿಳ್ಳೆ, ಮಕ್ಕಳ ಪೀಪಿ. ಮನೆಗೆ ಬಂದು ನೋಡಿದರೆ 52 ನಿಮಿಷದ ಧ್ವನಿ. ಅದರಲ್ಲಿ ಹಾಡಿಗೆ ಬಳಸಲು ನನಗೆ ಬೇಕಾದದ್ದು ನಲವತ್ತು ಪೆಟ್ಟು, ಮತ್ತೆ ಮತ್ತೆ ತಿರುಗಿಸಿ ನುಡಿಸುವ ಐದಾರು ಸುತ್ತು, ಅಷ್ಟೇ. ಆ 52 ನಿಮಿಷದಿಂದ ಈ ನಲವತ್ತು ತುಂಡಿಗೆ ಬರಲು ನನಗೆ ಆ ಸಲ ಒಂದು ಸಂಜೆ ಸಾಕಾಯಿತು. ಅದಕ್ಕಿಂತ ಹಿಂದಿನ ವರ್ಷ ಇದೇ ಕೆಲಸಕ್ಕೆ ಎರಡು ವಾರ ಹೋಗಿತ್ತು. ಕಿವಿ ಅದೇ, ಕಂಪ್ಯೂಟರ್ ಅದೇ, ಬದಲಾದದ್ದು ಸಾಫ್ಟ್‌ವೇರ್ ಮಾತ್ರ. ಹಾಗಾಗಿ ಈ ಆಯ್ಕೆ ದೊಡ್ಡ ವಿಷಯ ಎಂದು ನಾನು ನಿಜವಾಗಿಯೂ ನಂಬುತ್ತೇನೆ.

ಮೊದಲು ಒಂದು ಮಾತು ಸರಿ ಮಾಡಿಕೊಳ್ಳೋಣ. ಸ್ಯಾಂಪಲ್ ಎಂದರೆ ಎರಡು ಅರ್ಥ ಉಂಟು. ಹಾಡಿನಲ್ಲಿ ಬಳಸಲು ಕತ್ತರಿಸಿ ಇಟ್ಟುಕೊಂಡ ಧ್ವನಿಯ ತುಂಡಿಗೂ ಸ್ಯಾಂಪಲ್ ಅನ್ನುತ್ತಾರೆ, ಕಂಪ್ಯೂಟರ್ ಒಂದು ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆದು ಬರೆದುಕೊಳ್ಳುವ ಒಂದೊಂದು ಅಳತೆಗೂ ಸ್ಯಾಂಪಲ್ ಅನ್ನುತ್ತಾರೆ. ಇಲ್ಲಿ ನಾನು ತುಂಡು ಎಂದರೆ ಮೊದಲನೆಯದು. ಎರಡನೆಯದು ಬಂದಾಗ ಅಳತೆ ಅನ್ನುತ್ತೇನೆ.

"ಯಾವ ಸಾಫ್ಟ್‌ವೇರ್ ಒಳ್ಳೆಯದು ಮಾರಾಯ್ರೆ?" ಎಂದು ಕೇಳುವವರಿಗೆ ನಾನು ಮೊದಲು ಕೇಳುವುದು, ನೀವು ಕತ್ತರಿಸಲು ಹೊರಟದ್ದಾ, ಕಟ್ಟಲು ಹೊರಟದ್ದಾ? ಶಂಕರಪುರದ ಕಡೆ ಮಲ್ಲಿಗೆ ನೋಡಿದವರಿಗೆ ಗೊತ್ತು, ಮೊಗ್ಗು ಕೊಯ್ಯುವ ಕೈ ಬೇರೆ ಥರ ಓಡುತ್ತದೆ, ಅದನ್ನು ನಾರಿನಲ್ಲಿ ಕಟ್ಟುವ ಕೈ ಬೇರೆ ಥರ. ಇಲ್ಲಿಯೂ ಹಾಗೇ. ಉದ್ದದ ರೆಕಾರ್ಡಿಂಗ್ ತೆರೆದು, ಬೇಕಾದ ಪೆಟ್ಟು ಹುಡುಕಿ, ಅಂಚು ಸರಿ ಮಾಡಿ, ಹೆಸರು ಕೊಟ್ಟು ಉಳಿಸುವುದು ಕತ್ತರಿಸುವ ಕೆಲಸ. ಅದಕ್ಕೆ ಇರುವುದು ಆಡಿಯೋ ಎಡಿಟರ್. ಆ ತುಂಡುಗಳನ್ನು ಟ್ರ್ಯಾಕ್‌ಗಳ ಮೇಲೆ ಜೋಡಿಸಿ ಹಾಡು ಮಾಡುವುದು ಕಟ್ಟುವ ಕೆಲಸ. ಅದಕ್ಕೆ ಇರುವುದು ಡಿಎಡಬ್ಲ್ಯೂ, ಅಂದರೆ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್. ಎರಡನ್ನೂ ಒಂದರಲ್ಲೇ ಮಾಡಬಹುದು, ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಹಾಡು ಕಟ್ಟಲು ಚೆನ್ನಾಗಿದೆ ಎಂದು ತೆಗೆದುಕೊಂಡ ಸಾಫ್ಟ್‌ವೇರಿನಲ್ಲಿ ನಲವತ್ತು ಪೆಟ್ಟನ್ನು ಒಂದೊಂದಾಗಿ ಎಕ್ಸ್‌ಪೋರ್ಟ್ ಮಾಡುತ್ತಾ ಕೂತರೆ ಆ ಎರಡು ವಾರ ನಿಮಗೂ ಬರುತ್ತದೆ.

ನಿಮ್ಮದೇ ಧ್ವನಿಯಲ್ಲಿ ಪರೀಕ್ಷೆ ಮಾಡಿ

ಯೂಟ್ಯೂಬ್ ವಿಮರ್ಶೆ ನೋಡಿ ಆರಿಸಬೇಡಿ. ಅವರು ತೋರಿಸುವುದು ಸ್ಟುಡಿಯೋದಲ್ಲಿ ಕ್ಲಿಕ್ (ಒಂದೇ ವೇಗದ ಟಿಕ್ ಟಿಕ್ ಸದ್ದು) ಹಾಕಿ ನುಡಿಸಿದ ಡ್ರಮ್ಸ್. ನಮ್ಮ ಕೈಯಲ್ಲಿ ಇರುವುದು ಬೀದಿಯಲ್ಲಿ, ಬಯಲಾಟದ ರಂಗಸ್ಥಳದ ಪಕ್ಕದಲ್ಲಿ, ಮಳೆಗಾಲದ ರಾತ್ರಿ ಮನೆಯ ಚಾವಡಿಯಲ್ಲಿ ಹಿಡಿದ ಧ್ವನಿ. ನಿಮ್ಮದೇ ರೆಕಾರ್ಡಿಂಗ್‌ನಿಂದ ಮೂರು ನಿಮಿಷ ತೆಗೆದುಕೊಳ್ಳಿ. ಆಡಾಸಿಟಿ, ಓಷನ್‌ಆಡಿಯೋ, ರೀಪರ್ ಎಂಬ ಮೂರು ಸಾಫ್ಟ್‌ವೇರನ್ನೂ ಹಣ ಕೊಡದೆ ಇಳಿಸಿಕೊಳ್ಳಬಹುದು. ಅದೇ ಮೂರು ನಿಮಿಷದ ಮೇಲೆ ಅದೇ ಕೆಲಸ ಮೂರರಲ್ಲೂ ಮಾಡಿ ನೋಡಿ. ಗಡಿಯಾರ ಇಟ್ಟುಕೊಳ್ಳಿ.

ಮೊದಲ ಕೆಲಸ ಒಂದೇ ಒಂದು ಪೆಟ್ಟು ಕತ್ತರಿಸುವುದು. ತಾಸೆಯ ಅಥವಾ ಚೆಂಡೆಯ ಪೆಟ್ಟಿನ ಜೀವ ಇರುವುದು ಅದರ ಮೊದಲ ಕೆಲವು ಮಿಲಿಸೆಕೆಂಡಿನಲ್ಲಿ. ಕೋಲು ಚರ್ಮಕ್ಕೆ ತಾಗುವ ಆ "ಟಕ್" ಹೋಯಿತೆಂದರೆ ಉಳಿಯುವುದು ಬರೀ ಮೊಂಡು ಗುಂಯ್. ಹಾಗಾಗಿ ಅಲೆಯನ್ನು ಒಂದೊಂದು ಅಳತೆ ಚುಕ್ಕಿ ಕಾಣುವಷ್ಟು ಹಿಗ್ಗಿಸಲು ಆಗಬೇಕು. ಪೆಟ್ಟು ಏಳುವುದಕ್ಕಿಂತ ಒಂದೆರಡು ಮಿಲಿಸೆಕೆಂಡು ಮೊದಲೇ ಕತ್ತರಿ ಹಾಕಬೇಕು. ಅಲೆ ನಡುಗೆರೆಯನ್ನು ದಾಟುವ ಜಾಗದಲ್ಲೇ ಕತ್ತರಿ ಬೀಳಬೇಕು, ಇಲ್ಲದಿದ್ದರೆ ತುಂಡು ಶುರುವಾಗುವಾಗ ಚಟ್ ಎಂಬ ಸದ್ದು ಬರುತ್ತದೆ. ಇದಕ್ಕೆ ಝೀರೋ ಕ್ರಾಸಿಂಗ್ ಅನ್ನುತ್ತಾರೆ. ಆಡಾಸಿಟಿಯಲ್ಲಿ ಭಾಗವನ್ನು ಆರಿಸಿ ಝಡ್ ಕೀ ಒತ್ತಿದರೆ ಅಂಚುಗಳು ತಾನಾಗಿ ಅಲ್ಲಿಗೆ ಸರಿಯುತ್ತವೆ. ಕೊನೆಯಲ್ಲಿ ನಾದ ಸಾಯುವವರೆಗೆ ಬಿಡಿ, ಆಮೇಲೆ ಸಣ್ಣ ಫೇಡ್ ಕೊಡಿ, ಸದ್ದು ಮೆಲ್ಲಗೆ ಇಳಿದು ನಿಲ್ಲಲಿ. ಮದ್ದಳೆಗೆ ಈ ಬಾಲ ತುಂಬಾ ಮುಖ್ಯ, ಅದರ ನಾದ ಶ್ರುತಿಗೆ ಸೇರಿರುತ್ತದೆ ಅಲ್ವಾ, ಅದನ್ನು ಕುತ್ತಿಗೆ ಹಿಸುಕಿದ ಹಾಗೆ ನಿಲ್ಲಿಸಿದರೆ ಮದ್ದಳೆ ಅಂತಲೇ ಅನಿಸುವುದಿಲ್ಲ.

ಎರಡನೆಯದು, ಅಂಥ ನಲವತ್ತು ಪೆಟ್ಟನ್ನು ಒಟ್ಟಿಗೆ ಬೇರೆ ಮಾಡುವುದು. ಸಮಯ ಉಳಿಯುವುದು ಇಲ್ಲೇ. ಸದ್ದು ಎಲ್ಲಿ ಏಳುತ್ತದೆ ಎಂದು ಸಾಫ್ಟ್‌ವೇರ್ ತಾನೇ ಹುಡುಕಿ ಗುರುತು ಹಾಕಬೇಕು, ನೀವು ಆ ಗುರುತನ್ನು ಆಚೀಚೆ ಸರಿಸಿ ಹೆಸರು ಕೊಡಬೇಕು, ಆಮೇಲೆ ಒಂದೇ ಸಲಕ್ಕೆ ನಲವತ್ತು ಫೈಲ್ ಹೊರಗೆ ಬರಬೇಕು. ಇಷ್ಟು ಮಾಡಲು ಬಾರದ ಸಾಫ್ಟ್‌ವೇರ್ ನೋಡಲು ಎಷ್ಟೇ ಚಂದ ಇದ್ದರೂ ಸ್ಯಾಂಪಲ್ ಕೆಲಸಕ್ಕೆ ನಾನು ಅದನ್ನು ಹೇಳುವುದಿಲ್ಲ.

ಮೂರನೆಯದು ಸುತ್ತು, ಅಂದರೆ ಲೂಪ್. ಹೆಚ್ಚಿನ ಸಾಫ್ಟ್‌ವೇರ್ ತೆರೆದ ಕೂಡಲೇ ನಾಲ್ಕು ಎಣಿಕೆಯ ಗೆರೆ ಹಾಕಿಕೊಂಡು ಕೂತಿರುತ್ತದೆ. ನಮ್ಮ ಯಕ್ಷಗಾನದ ತ್ರಿವುಡೆಗೆ ಏಳು ಮಾತ್ರೆ, ಝಂಪೆಗೆ ಹತ್ತು, ರೂಪಕಕ್ಕೆ ಆರು. ಗೆರೆಯನ್ನು ಏಳಕ್ಕೆ ಬದಲಾಯಿಸಲು ಆಗುತ್ತದಾ ನೋಡಿ. ಲೆಕ್ಕ ಸುಲಭ. 60ನ್ನು ವೇಗದಿಂದ ಭಾಗಿಸಿದರೆ ಒಂದು ಮಾತ್ರೆಯ ಸೆಕೆಂಡು ಸಿಗುತ್ತದೆ. ನಿಮಿಷಕ್ಕೆ 140 ಮಾತ್ರೆಯ ವೇಗದಲ್ಲಿ ತ್ರಿವುಡೆಯ ಒಂದು ಆವರ್ತ ಸರಿಯಾಗಿ 3 ಸೆಕೆಂಡು, ಅಂದರೆ 1,32,300 ಅಳತೆ. ನೀವು ಕತ್ತರಿಸಿದ ಸುತ್ತು ಇದಕ್ಕಿಂತ ಐನೂರು ಅಳತೆ ಜಾಸ್ತಿ ಇದ್ದರೂ ಒಂದು ಸಲಕ್ಕೆ ಗೊತ್ತಾಗುವುದಿಲ್ಲ, ಇಪ್ಪತ್ತು ಸಲ ತಿರುಗಿದ ಮೇಲೆ ಕಾಲು ಸೆಕೆಂಡಿನಷ್ಟು ಹಿಂದೆ ಬಿದ್ದಿರುತ್ತದೆ. ಆದ್ದರಿಂದ ಆಯ್ಕೆಯ ಉದ್ದವನ್ನು ಅಳತೆಯ ಲೆಕ್ಕದಲ್ಲೇ ತೋರಿಸುವ ಸಾಫ್ಟ್‌ವೇರ್ ಬೇಕು.

ಕೊನೆಯದು ಎಲ್ಲರೂ ಮರೆಯುವ ಕೆಲಸ. ಎಲ್ಲ ಮುಚ್ಚಿ, ಮರುದಿನ ತೆರೆದು, ಮೂಲ ಧ್ವನಿ ಹಾಗೇ ಉಂಟಾ ನೋಡಿ. ಕೆಲವು ಎಡಿಟರ್‌ಗಳಲ್ಲಿ ಸೇವ್ ಒತ್ತಿದರೆ ಮೂಲ ಫೈಲಿನ ಮೇಲೆಯೇ ಬರೆಯುತ್ತದೆ. ಒಂದು ಯಕ್ಷಗಾನ ಆಟದ ದಿನ ಚೌಕಿಯ (ವೇಷ ಕಟ್ಟುವ ಜಾಗದ) ಪಕ್ಕ ಕೂತು ಹಿಡಿದ ಚೆಂಡೆಯ ಉರುಳಿಕೆ ನನಗೆ ಹೋದದ್ದು ಹೀಗೇ. ಎರಡೂವರೆ ಗಂಟೆಯ ಫೈಲಿನಲ್ಲಿ ನಾಲ್ಕು ನಿಮಿಷ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದೆ, ಅಭ್ಯಾಸದ ಬಲದಲ್ಲಿ ಸೇವ್ ಒತ್ತಿದೆ, ಮುಚ್ಚಿದೆ. ಅಂದು ಚೆಂಡೆ ನುಡಿಸಿದ ಹಿರಿಯರು ಈಗ ಮೇಳ ಬಿಟ್ಟಿದ್ದಾರೆ. ಆ ರಾತ್ರಿಯನ್ನು ಮತ್ತೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಅಂದಿನಿಂದ ಮೂಲ ಫೈಲನ್ನು ಬೇರೆ ಫೋಲ್ಡರಿನಲ್ಲಿ, ಬರೆಯಲು ಆಗದ ಹಾಗೆ ರೀಡ್ ಓನ್ಲಿ ಮಾಡಿ ಇಡುತ್ತೇನೆ, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ. ನೀವೂ ಹಾಗೇ ಮಾಡಿ, ಇದನ್ನು ನಾನು ಕೈ ಮುಗಿದು ಹೇಳುತ್ತಿದ್ದೇನೆ.

ಈಗ ಒಂದೊಂದಾಗಿ

ಆಡಾಸಿಟಿಯಿಂದ ಶುರು ಮಾಡಿ. 2000ದಿಂದ ಇರುವ ಸಾಫ್ಟ್‌ವೇರ್ ಇದು, ಪೂರ್ತಿ ಉಚಿತ, ಅದರ ಕೋಡ್ ಕೂಡ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಳೆಯ ಲ್ಯಾಪ್‌ಟಾಪ್ ಇದ್ದವರು ಹೆದರಬೇಕಾಗಿಲ್ಲ. ಲೇಬಲ್ ಸೌಂಡ್ಸ್ ಎಂಬ ಸೌಲಭ್ಯ ಸದ್ದು ಇರುವ ಜಾಗಕ್ಕೆಲ್ಲ ಗುರುತು ಹಾಕುತ್ತದೆ. ಆಮೇಲೆ ಎಕ್ಸ್‌ಪೋರ್ಟ್ ಮಾಡುವಾಗ ಲೇಬಲ್ ಪ್ರಕಾರ ಬೇರೆ ಬೇರೆ ಫೈಲ್ ಎಂದು ಆರಿಸಿದರೆ ನಲವತ್ತೂ ಹೆಸರು ಸಮೇತ ಹೊರಗೆ ಬರುತ್ತವೆ. ತುಂಬಾ ವರ್ಷ ಇದಕ್ಕೆ ಲಯದ ಗೆರೆಯೇ ಸರಿ ಇರಲಿಲ್ಲ, ಎಫೆಕ್ಟ್ ಹಾಕಿದರೆ ಧ್ವನಿಯಲ್ಲೇ ಬೆರೆತು ಹೋಗುತ್ತಿತ್ತು. ಹಳಬರು ಅದನ್ನು ಬಯ್ಯುವುದು ಆ ನೆನಪಿನಲ್ಲಿ. 2022ರಲ್ಲಿ ಬಂದ 3.2ರಿಂದ ಎಫೆಕ್ಟನ್ನು ಕೇಳುತ್ತಾ ಬದಲಾಯಿಸಬಹುದು, 2023ರ 3.4ರಿಂದ ಮಾತ್ರೆಯ ಗೆರೆಯೂ ಉಂಟು, ತುಂಡನ್ನು ಎಳೆದು ಉದ್ದ ಮಾಡುವುದೂ ಉಂಟು. ಹಳೆಯ ಆವೃತ್ತಿ ಇಟ್ಟುಕೊಂಡವರು ಮೊದಲು ಹೊಸದು ಹಾಕಿಕೊಳ್ಳಿ.

ಅದರಲ್ಲಿ ಆಗದ್ದೂ ಉಂಟು. ಇಡೀ ಪ್ರಾಜೆಕ್ಟಿಗೆ ಒಂದೇ ವೇಗ. ಹುಲಿ ಕುಣಿಯುತ್ತಾ ಹೋದ ಹಾಗೆ ತಾಸೆ ಏರುತ್ತಾ ಹೋಗುತ್ತದೆ, ಆ ಏರಿಕೆಯನ್ನು ಗೆರೆಗೆ ಕೂರಿಸಲು ಇಲ್ಲಿ ದಾರಿ ಇಲ್ಲ. ಮತ್ತೆ, ಕೀಬೋರ್ಡ್ ಒತ್ತಿ ತುಂಡುಗಳನ್ನು ನುಡಿಸಬೇಕು ಎಂದಿದ್ದರೆ ಇದು ಅದಕ್ಕಾಗಿ ಮಾಡಿದ್ದಲ್ಲ. ಫೋನಿನಲ್ಲಿ ಹಿಡಿದ ಎಂ4ಎ ಫೈಲ್ ವಿಂಡೋಸಿನಲ್ಲಿ ತೆರೆಯದಿದ್ದರೆ ಗಾಬರಿ ಬೇಡ, ಎಫ್‌ಎಫ್‌ಎಂಪೆಗ್ ಎಂಬ ಸಣ್ಣ ಜೋಡಣೆಯನ್ನು ಬೇರೆಯಾಗಿ ಹಾಕಿಕೊಳ್ಳಬೇಕು, ಅಷ್ಟೇ.

ಓಷನ್‌ಆಡಿಯೋ ಬ್ರೆಜಿಲ್‌ನಲ್ಲಿ ಹುಟ್ಟಿದ್ದು, ಇದೂ ಉಚಿತ. ಒಂದೇ ಫೈಲ್ ತೆರೆದು, ತಲೆ-ಬಾಲ ಕತ್ತರಿಸಿ, ಉಳಿಸುವ ಕೆಲಸಕ್ಕೆ ಇದರಷ್ಟು ಚುರುಕು ಬೇರೆ ಕಂಡಿಲ್ಲ. ಹಲವು ಟ್ರ್ಯಾಕ್ ಇಲ್ಲ. ಸೇವ್ ಮಾಡುವಾಗ ಮೇಲೆ ಹೇಳಿದ ಎಚ್ಚರಿಕೆ ಇಲ್ಲಿ ಬೇಕು, ನಕಲಿನ ಮೇಲೆಯೇ ಕೆಲಸ ಮಾಡಿ.

ನಾನು ಈಗ ದಿನಾ ಕೂರುವುದು ರೀಪರ್ ಎದುರು. ಇದನ್ನು ಶುರು ಮಾಡಿದ್ದು ಜಸ್ಟಿನ್ ಫ್ರಾಂಕಲ್, ನಮ್ಮಲ್ಲಿ ಸೈಬರ್ ಕೆಫೆ ಕಾಲದಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ವಿನ್‌ಆಂಪ್ ಮಾಡಿದ ಅದೇ ವ್ಯಕ್ತಿ. 60 ದಿನ ಏನೂ ಬೀಗ ಇಲ್ಲದೆ ಬಳಸಿ ನೋಡಬಹುದು. ಆಮೇಲೆ ಸ್ವಂತ ಬಳಕೆಗೆ ಮತ್ತು ಸಣ್ಣ ಸಂಪಾದನೆಯವರಿಗೆ 60 ಡಾಲರ್. ಡೈನಾಮಿಕ್ ಸ್ಪ್ಲಿಟ್ ಎಂಬುದು ಇದರ ದೊಡ್ಡ ಬಲ. ಎಷ್ಟು ಜೋರಿನ ಪೆಟ್ಟಿಗೆ ಕತ್ತರಿ ಬೀಳಬೇಕು, ಒಂದು ತುಂಡು ಕನಿಷ್ಠ ಎಷ್ಟು ಉದ್ದ ಇರಬೇಕು, ಪೆಟ್ಟಿಗಿಂತ ಎಷ್ಟು ಮೊದಲು ಕತ್ತರಿಸಬೇಕು, ಎಲ್ಲ ನೀವು ಹೇಳಬಹುದು. ಚೆಂಡೆಯ ಉರುಳಿಕೆಯಂಥ ಒತ್ತೊತ್ತಾದ ಪೆಟ್ಟಿಗೆ ಕನಿಷ್ಠ ಉದ್ದವನ್ನು ತೀರಾ ಕಡಿಮೆ ಮಾಡಿದರೆ ಪುಡಿಪುಡಿ ಆಗುತ್ತದೆ, ಅದನ್ನು ಒಂದೇ ತುಂಡಾಗಿ ಇಟ್ಟುಕೊಳ್ಳುವುದೇ ವಾಸಿ. ಕತ್ತರಿಸಿದ್ದೆಲ್ಲ ಮೂಲ ಫೈಲನ್ನು ಮುಟ್ಟುವುದಿಲ್ಲ, ಬರೀ ಕಿಟಕಿ ಸರಿಸಿದ ಹಾಗೆ. ತುಂಡುಗಳಿಗೆ ರೀಜನ್ (ಗುರುತಿಟ್ಟ ಭಾಗ) ಮಾಡಿ ಹೆಸರು ಕೊಟ್ಟರೆ ಒಟ್ಟಿಗೆ ರೆಂಡರ್ ಆಗುತ್ತವೆ, ಅಂದರೆ ಬೇರೆ ಬೇರೆ ಫೈಲಾಗಿ ಹೊರಗೆ ಬರುತ್ತವೆ. ಏರುವ ವೇಗಕ್ಕೆ ತಕ್ಕ ಹಾಗೆ ಗೆರೆಯನ್ನೇ ಎಳೆದು ಕೂರಿಸಬಹುದು, ಏಳು ಮಾತ್ರೆ, ಹತ್ತು ಮಾತ್ರೆ ಏನು ಬೇಕಾದರೂ ಇಡಬಹುದು. ಕಟ್ಟುವ ಕೆಲಸವೂ ಇದರಲ್ಲೇ ಮುಗಿಯುತ್ತದೆ, ತುಂಡುಗಳನ್ನು ಕೀ ಒತ್ತಿ ನುಡಿಸುವ ಒಂದು ಸರಳ ಸ್ಯಾಂಪ್ಲರ್ ಒಳಗೇ ಇದೆ.

ಆದರೆ ಮೊದಲ ವಾರ ಕಷ್ಟ. ಮೆನು ಒಳಗೆ ಮೆನು, ಎಲ್ಲಿ ಏನಿದೆ ಗೊತ್ತಾಗುವುದಿಲ್ಲ. ಬೀಟ್ ಕೂಡಲೇ ಶುರು ಮಾಡಬೇಕು ಎನ್ನುವ ಹುಡುಗರು ಇದನ್ನು ಎರಡೇ ದಿನಕ್ಕೆ ಬಿಟ್ಟದ್ದು ನೋಡಿದ್ದೇನೆ. ಅಂಥವರಿಗೆ ಎಫ್‌ಎಲ್ ಸ್ಟುಡಿಯೋ ಹಿತವಾಗುತ್ತದೆ, ಮಂಗಳೂರಿನಲ್ಲಿ ನನಗೆ ಗೊತ್ತಿರುವ ಬೀಟ್ ಮಾಡುವವರಲ್ಲಿ ಜಾಸ್ತಿ ಜನ ಅದರಲ್ಲೇ ಇದ್ದಾರೆ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಉಚಿತ. ಅದರ ಒಳಗಿನ ಎಡಿಸನ್ ಎಂಬ ಎಡಿಟರ್ ತುಂಡು ಕತ್ತರಿಸಲು ತುಂಬಾ ಚೆನ್ನಾಗಿದೆ. ಆದರೆ ಅದು ಪ್ರೊಡ್ಯೂಸರ್ ಆವೃತ್ತಿಯಿಂದ ಮೇಲೆ ಮಾತ್ರ, ಎಲ್ಲಕ್ಕಿಂತ ಅಗ್ಗದ ಆವೃತ್ತಿ ಕೊಂಡು ಆಮೇಲೆ ಎಡಿಸನ್ ಎಲ್ಲಿ ಎಂದು ಹುಡುಕಬೇಡಿ. ಟ್ರಯಲ್‌ನಲ್ಲಿ ಇನ್ನೊಂದು ಉಂಟು, ಪ್ರಾಜೆಕ್ಟ್ ಸೇವ್ ಮಾಡಬಹುದು, ಕೊಳ್ಳುವವರೆಗೆ ಅದನ್ನು ಮತ್ತೆ ತೆರೆಯಲು ಆಗುವುದಿಲ್ಲ. ಏಬಲ್ಟನ್ ಲೈವ್ ವೇದಿಕೆಯಲ್ಲಿ ತುಂಡುಗಳನ್ನು ನೇರವಾಗಿ ನುಡಿಸುವವರಿಗೆ ಒಳ್ಳೆಯದು, ಬೆಲೆ ಜಾಸ್ತಿ. ಮ್ಯಾಕ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಹೇಗೂ ಉಚಿತ. ಲ್ಯಾಪ್‌ಟಾಪೇ ಇಲ್ಲದವರು ಫೋನಿನಲ್ಲಿ ಕೋಲಾ ಸ್ಯಾಂಪ್ಲರ್ ಹಾಕಿಕೊಳ್ಳಿ, ಸಣ್ಣ ಬೆಲೆ, ಫೋನಿನ ಮೈಕಿನಿಂದಲೇ ಧ್ವನಿ ಹಿಡಿದು ಪ್ಯಾಡಿನಲ್ಲಿ ಕೂರಿಸಿ ನುಡಿಸಬಹುದು, ಕಲಿಯಲು ಇದಕ್ಕಿಂತ ಸಂತೋಷದ ದಾರಿ ಇಲ್ಲ.

ಕ್ರ್ಯಾಕ್ ಮಾಡಿದ ಕಾಪಿ ಪೆನ್ ಡ್ರೈವಿನಲ್ಲಿ ಹಾಕಿಕೊಡುತ್ತೇನೆ ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ಬೇಡ. ಅದರ ಜೊತೆ ಬಂದ ವೈರಸ್ ನನ್ನ ಗೆಳೆಯನ ಮೂರು ವರ್ಷದ ರೆಕಾರ್ಡಿಂಗ್ ತಿಂದಿದೆ. ಇಷ್ಟೊಂದು ಉಚಿತ ಇರುವಾಗ ಅದರ ಅಗತ್ಯವೇ ಇಲ್ಲ.

ನಮ್ಮ ಊರಿನ ಧ್ವನಿಗೆ ಬೇಕಾದ ಕೆಲವು

ಗದ್ದಲ ತೆಗೆಯುವ ಸೌಲಭ್ಯ ನೋಡುವಾಗ ಸ್ಪೆಕ್ಟ್ರೋಗ್ರಾಮ್ ತೋರಿಸುತ್ತದಾ ಕೇಳಿ. ಅಲೆಯ ಬದಲು ಧ್ವನಿಯ ಕಂಪನಗಳನ್ನು ಬಣ್ಣದ ಚಿತ್ರವಾಗಿ ತೋರಿಸುವುದು ಅದು, ಮೇಲೆ ಸ್ಥಾಯಿ ಹೆಚ್ಚು, ಕೆಳಗೆ ಕಡಿಮೆ. ಮಳೆಗಾಲದ ರಾತ್ರಿ ಹಿಡಿದ ಧ್ವನಿಯಲ್ಲಿ ಜೀರುಂಡೆಯ ಕಿರ್ರ್ ಮೇಲ್ಗಡೆ ಅಡ್ಡಪಟ್ಟಿಯ ಹಾಗೆ ಕಾಣುತ್ತದೆ. ಕರೆಂಟಿನ ಗುಂಯ್ ಕೆಳಗಡೆ 50 ಹರ್ಟ್ಸ್‌ನಲ್ಲಿ ಗೆರೆ ಎಳೆದ ಹಾಗೆ, ಅದರ ಮರಿಗಳು 100, 150ರಲ್ಲಿ. ಕಂಡ ಮೇಲೆ ಅಷ್ಟು ಕಂಪನವನ್ನು ಮಾತ್ರ ತೆಗೆಯುವ ನಾಚ್ ಫಿಲ್ಟರ್ ಹಾಕಬಹುದು. ಆಡಾಸಿಟಿ, ಓಷನ್‌ಆಡಿಯೋ, ರೀಪರ್ ಮೂರರಲ್ಲೂ ಈ ನೋಟ ಉಂಟು. ಇಡೀ ಧ್ವನಿಗೆ ನಾಯ್ಸ್ ರಿಡಕ್ಷನ್ ಜೋರಾಗಿ ಹಾಕಬೇಡಿ, ತಾಸೆ ನೀರಿನೊಳಗೆ ಬಾರಿಸಿದ ಹಾಗೆ ಆಗುತ್ತದೆ. ಸ್ವಲ್ಪ ಗದ್ದಲ ಇರಲಿ.

ವೇಗ ಬದಲಾಯಿಸಲು ತುಂಡನ್ನು ಎಳೆಯುವುದು ಹಾಡಿಗೆ, ಶ್ರುತಿ ಪೆಟ್ಟಿಗೆಗೆ ಸರಿ. ಚರ್ಮವಾದ್ಯಕ್ಕೆ ಬೇಡ. ಎಳೆದರೆ ಪೆಟ್ಟಿನ ಮೊನೆ ಕರಗಿ ಹೋಗುತ್ತದೆ. ಬದಲಿಗೆ ಪೆಟ್ಟು ಪೆಟ್ಟಾಗಿ ಕತ್ತರಿಸಿ, ಹೊಸ ವೇಗದ ಗೆರೆಗೆ ಪೆಟ್ಟುಗಳನ್ನೇ ಸರಿಸಿ. ರೀಪರ್, ಎಫ್‌ಎಲ್, ಏಬಲ್ಟನ್ ಮೂರರಲ್ಲೂ ಇದು ಸುಲಭ. ಶ್ರುತಿಗೆ ಸೇರಿಸುವಾಗ ಸೆಂಟ್ಸ್ ಲೆಕ್ಕದಲ್ಲಿ ಸರಿಸಲು ಬರಬೇಕು, ಒಂದು ಸ್ವರದಿಂದ ಪಕ್ಕದ ಕಪ್ಪು ಕೀಗೆ 100 ಸೆಂಟ್ಸ್. ಭಾಗವತರ ಶ್ರುತಿಗೆ ಕೂರಿಸಿದ ಮದ್ದಳೆ ನಿಮ್ಮ ಕೀಬೋರ್ಡಿಗೆ 30 ಸೆಂಟ್ಸ್ ಆಚೀಚೆ ಇರುವುದು ಮಾಮೂಲಿ.

ಧ್ವನಿಯ ಜೋರನ್ನು ಒಂದೇ ಎತ್ತರಕ್ಕೆ ತರುವ ನಾರ್ಮಲೈಸ್ ಬಟನ್ ಕಂಡ ಕೂಡಲೇ ಎಲ್ಲ ಪೆಟ್ಟಿಗೂ ಒತ್ತಬೇಡಿ. ಮೆಲ್ಲನೆ ಬಾರಿಸಿದ್ದು ಮೆಲ್ಲನೆಯೇ ಇರಬೇಕು. ಒಂದೇ ಪೆಟ್ಟನ್ನು ಮೂರು-ನಾಲ್ಕು ಥರ ಬಾರಿಸಿದ್ದು, ಮೆಲು, ನಡು, ಜೋರು ಎಂದು ಇಟ್ಟುಕೊಂಡರೆ ಆಮೇಲೆ ಸ್ಯಾಂಪ್ಲರಿನಲ್ಲಿ ನುಡಿಸುವಾಗ ಯಂತ್ರ ಬಾರಿಸಿದ ಹಾಗೆ ಕೇಳುವುದಿಲ್ಲ. ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದರೆ ಆ ಕೈಯ ಕೆಲಸವೇ ಹೋಯಿತು.

ಉಳಿಸುವುದು ವೇವ್ ಆಗಿ, 24 ಬಿಟ್, 44.1 ಕಿಲೋಹರ್ಟ್ಸ್. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 16 ಎಂಬಿ, ಈಗಿನ ಡಿಸ್ಕಿಗೆ ಅದು ಲೆಕ್ಕವೇ ಅಲ್ಲ. ಎಂಪಿ3 ಮಾಡಿದರೆ ಫೈಲಿನ ತಲೆಗೆ ಚೂರು ಮೌನ ಸೇರಿಕೊಳ್ಳುತ್ತದೆ, ಸುತ್ತು ತಿರುಗಿದಾಗಲೆಲ್ಲ ಎಡವುತ್ತದೆ. ಗೆಳೆಯರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಲಿ, ಕೆಲವು ಹಳೆಯ ಪ್ಲಗಿನ್‌ಗಳಿಗೆ ಕನ್ನಡ ಅಕ್ಷರದ ಹೆಸರು ಓದಲು ಬರುವುದಿಲ್ಲ. ವಾದ್ಯ, ಪೆಟ್ಟು, ಜೋರು, ಸುತ್ತಾದರೆ ವೇಗ ಮತ್ತು ತಾಳ, ಇಷ್ಟು ಹೆಸರಿನಲ್ಲೇ ಇದ್ದರೆ ಆರು ತಿಂಗಳ ಮೇಲೆಯೂ ಸಿಗುತ್ತದೆ.

ಇನ್ನು ಯಾರ ಧ್ವನಿ ಎನ್ನುವ ಪ್ರಶ್ನೆ. ಕ್ಯಾಸೆಟ್, ಸಿಡಿಯಿಂದ ತುಂಡು ಎತ್ತುವುದಾದರೆ ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ, ಎರಡೇ ಸೆಕೆಂಡು ಆದರೆ ಪರವಾಗಿಲ್ಲ ಎಂಬ ನಿಯಮ ಅದರಲ್ಲಿ ಇಲ್ಲ. ನೀವೇ ಹಿಡಿದದ್ದಾದರೂ ನುಡಿಸಿದವರಿಗೆ ಅವರದೇ ಹಕ್ಕು ಉಂಟು. ಅದು 50 ವರ್ಷ. ನಾನು ತಂಡದ ಹಿರಿಯರ ಹತ್ತಿರ ಮೊದಲೇ ಕೇಳುತ್ತೇನೆ, ಕುಣಿತ ಮುಗಿದು ಅವರು ನೀರು ಕುಡಿಯಲು ಕೂತಾಗ ಎರಡು ನಿಮಿಷ ತಾಸೆಯೊಂದನ್ನೇ ಬಾರಿಸಿ ಕೊಡುತ್ತೀರಾ ಎಂದು. ಇಲ್ಲಿಯವರೆಗೆ ಯಾರೂ ಇಲ್ಲ ಅಂದಿಲ್ಲ. ಆ ಎರಡು ನಿಮಿಷದಲ್ಲಿ ಶಿಳ್ಳೆ ಇಲ್ಲ, ಡೋಲು ಇಲ್ಲ, ಒಂದೊಂದು ಪೆಟ್ಟು ಬೇರೆ ಬೇರೆ. ಕತ್ತರಿಸಲು ಕೂತಾಗ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಕೊನೆಗೆ ಮಾಡಿದ ಹಾಡನ್ನು ಅವರ ಫೋನಿಗೆ ಕಳಿಸುತ್ತೇನೆ, ಯಾರ ತಾಸೆ ಎಂದು ಹೆಸರು ಹಾಕಿ.